ಅರ್ಧ ಗಂಟೆಗೊಂದು ದನಿ

ಬಾಗೂರಿನಲ್ಲಿ ನನ್ನನ್ನು ಹಡಗಿನ ಬೀರಪ್ಪ ಎಂದು ಕರೆಯುತ್ತಾರೆ. ಹಡಗು ಎಂದರೆ ನಮ್ಮೂರಿನವರ ಕಣ್ಣಿಗೆ ಬರುವುದು ಟಿವಿಯಲ್ಲಿ ಕಾಣುವ ಏಳಂತಸ್ತಿನ ಕಟ್ಟಡ. ಹೋಟೆಲಿನ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಹೊಸಬರು ಯಾರಾದರೂ "ಎಷ್ಟು ದೊಡ್ಡದಿತ್ತು ನಿಮ್ ಹಡಗು?" ಎಂದು ಕೇಳಿದರೆ, "ಎತ್ತು ಕಟ್ಟಿದ ಎರಡು ಗಾಡಿ ಒಂದ್ರ ಹಿಂದೊಂದು ನಿಲ್ಸಿದಷ್ಟು" ಎನ್ನುತ್ತೇನೆ. ಅಷ್ಟಕ್ಕೇ ಅವರ ಆಸಕ್ತಿ ಇಳಿದುಹೋಗುತ್ತದೆ. ಟೀ ಮುಗಿಸಿ ಮಳೆಯ ಮಾತಿಗೆ ಹೊರಳುತ್ತಾರೆ.

ಅದು ಹಡಗಲ್ಲ, ಹಾಯಿದೋಣಿ. ನಲವತ್ತು ಅಡಿ ಉದ್ದ, ಒಂದು ಕಂಬ, ಎರಡು ಹಾಯಿ, ಗಾಳಿ ನಿಂತಾಗ ನಡೆಸಲು ಒಂದು ಡೀಸೆಲ್ ಎಂಜಿನ್ನು. ಒಳಗೆ ಮಲಗಲು ಜಾಗ, ಒಂದು ಒಲೆ, ಬಚ್ಚಲಿನಷ್ಟು ಪಾಯಖಾನೆ. ಮಾಲೀಕರು ಬೆಂಗಳೂರಿನ ವ್ಯಾಪಾರಿ. ವರ್ಷಕ್ಕೆ ಎರಡು ಸಲ ಸಂಸಾರದ ಜೊತೆ ಬಂದು ನಾಲ್ಕು ದಿನ ತೇಲಿ ಹೋಗುತ್ತಿದ್ದರು. ಉಳಿದ ದಿನ ದೋಣಿಯನ್ನು ಗೋವಾದಿಂದ ಕೊಚ್ಚಿಗೆ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ, ಕೆಲವೊಮ್ಮೆ ಅಂಡಮಾನಿಗೆ ಒಯ್ಯುವುದು, ಬಾಡಿಗೆಗೆ ಬರುವ ಅತಿಥಿಗಳನ್ನು ಸುತ್ತಾಡಿಸುವುದು ದೋಣಿಯ ಕ್ಯಾಪ್ಟನ್ ಮತ್ತು ನಾನು, ನಮ್ಮಿಬ್ಬರ ಕೆಲಸ. ಹಾಗೆ ಇಪ್ಪತ್ತಾರು ವರ್ಷ ಕಳೆದೆ.

ಈಚೆಗೆ ನಮ್ಮ ಜಿಲ್ಲೆಯ ಹುಡುಗರು, ಹುಡುಗಿಯರು ಗೋವಾ ಕಡೆ ಹೋಗಿ ಹಾಯಿ ನಡೆಸುವುದನ್ನು ಕಲಿತು ಈ ಕೆಲಸಕ್ಕೆ ಸೇರುತ್ತಿದ್ದಾರೆಂದು ಕೇಳಿದ್ದೇನೆ. ಗಂಟು ಹಾಕುವುದು, ಗಾಳಿ ಓದುವುದು, ಬೆಂಕಿ ಆರಿಸುವುದು ಎಲ್ಲವೂ ಅವರ ಪುಸ್ತಕದಲ್ಲಿ ಇರುತ್ತದೆ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬನ ಮೇಲೆ ಇನ್ನೊಬ್ಬನಿಗೆ ಸಿಟ್ಟು ಬಂದರೆ ಏನು ಮಾಡಬೇಕು ಎಂಬುದು ಮಾತ್ರ ಇರಲಾರದು. ಅದನ್ನು ತಿಳಿಯದೆ ನಾನು ಒಬ್ಬ ಮನುಷ್ಯನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಮನುಷ್ಯ ತಿಪ್ಪೇಸ್ವಾಮಿ ಸಾರ್. ದೋಣಿ ನಡೆಸುವ ಕ್ಯಾಪ್ಟನ್ ಅವರು, ಕೈಯಾಳಿನ ಕೆಲಸ ನನ್ನದು. ಹೊಳಲ್ಕೆರೆಯವರು, ನೌಕಾಪಡೆಯಲ್ಲಿ ದುಡಿದು ನಿವೃತ್ತರಾದವರು, ಮದುವೆಯಾಗಿರಲಿಲ್ಲ. ನಾನು ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು. ಕಟ್ಟಡದ ಕೂಲಿಗೆಂದು ಗೋವಾಕ್ಕೆ ಹೋಗಿ, ಅದು ಕೈಗೆ ಹತ್ತದೆ, ದೋಣಿ ರಿಪೇರಿ ಮಾಡುವ ಅಂಗಳದಲ್ಲಿ ದೋಣಿಯ ತಳಕ್ಕೆ ಕಚ್ಚಿದ ಚಿಪ್ಪು ಕೆರೆಯುತ್ತಿದ್ದೆ. ಒಂದು ದಿನ ಕೈ ಕುಯ್ದುಕೊಂಡು ನಮ್ಮ ಕಡೆಯ ಭಾಷೆಯಲ್ಲಿ ಬೈದುಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ನಕ್ಕರು.

"ಯಾವೂರಪ್ಪ ನಿಂದು?"

"ಬಾಗೂರು ಸಾರ್, ಹೊಸದುರ್ಗ ತಾಲ್ಲೂಕು."

"ನಂದು ಹೊಳಲ್ಕೆರೆ ಕಣಪ್ಪ. ಈಜು ಬರುತ್ತಾ?"

"ಬಾವ್ಯಾಗೆ ಈಜಿದೀನಿ."

"ಬಾವಿಗೆ ಮೆಟ್ಲು ಐತೆ. ಇಲ್ಲಿ ಮೆಟ್ಲು ಇಲ್ಲ. ಇರ್ಲಿ, ಬಾ."

ನನ್ನ ಸಂದರ್ಶನ ಅಷ್ಟೇ. ಮಾರನೆಯ ದಿನ ದೋಣಿ ಹತ್ತಿದೆ, ಮೂರು ದಿನ ವಾಂತಿ ಮಾಡಿದೆ, ನಾಲ್ಕನೆಯ ದಿನ ಹಸಿವಾಯಿತು.

ಮೊದಲು ಅಡುಗೆಯ ವಿಷಯ ಹೇಳುತ್ತೇನೆ, ಏಕೆಂದರೆ ನನಗೆ ಮೊದಲ ಏಟು ಬಿದ್ದದ್ದು ಅಲ್ಲಿ. ಗಾಳಿ ಹಿಡಿದ ಹಾಯಿದೋಣಿ ಯಾವಾಗಲೂ ಒಂದು ಮಗ್ಗುಲಿಗೆ ವಾಲಿಕೊಂಡೇ ಓಡುತ್ತದೆ. ಅದಕ್ಕೆ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ. ದೋಣಿ ವಾಲಿದರೂ ಒಲೆ ಮಟ್ಟವಾಗಿಯೇ ಇರುತ್ತದೆ. ಅನ್ನ, ಸಾರು ಮಾಡುವವರಿಗೆ ಅದು ಸರಿ. ಮುದ್ದೆ ತಿರುವುವವನಿಗೆ ಅಲ್ಲ. ಮುದ್ದೆ ತಿರುವಬೇಕಾದರೆ ಪಾತ್ರೆ ಗಟ್ಟಿಯಾಗಿ ಕೂರಬೇಕು, ಮೈಭಾರ ಹಾಕಬೇಕು. ನಾನು ಕುದಿಯುವ ಪಾತ್ರೆಯನ್ನು ಕೆಳಗಿಳಿಸಿ, ಎರಡು ಪಾದಗಳ ನಡುವೆ ಒತ್ತಿಹಿಡಿದು, ಮನೆಯಲ್ಲಿ ತಿರುವಿದ ಹಾಗೆ ಕೋಲು ಹಾಕಿದೆ. ದೋಣಿ ಮಗ್ಗುಲು ಬದಲಿಸಿತು. ಅರ್ಧ ಪಾತ್ರೆ ನನ್ನ ಬಲಗಾಲಿನ ಮೇಲೆ ಬಿತ್ತು. ಅಂಟಿಕೊಂಡ ಮುದ್ದೆಯ ಬಿಸಿ ಎಂಥದೆಂದು ಬಲ್ಲವರೇ ಬಲ್ಲರು.

ಸಾರ್ ನನ್ನ ಕಾಲನ್ನು ಬಕೆಟ್ಟಿನ ಉಪ್ಪು ನೀರಿನಲ್ಲಿ ಅದ್ದಿಸಿ ಕೂರಿಸಿದರು. ಬೈಯಲಿಲ್ಲ. "ಆಸ್ಪತ್ರೆ ಎಷ್ಟು ದೂರ ಐತೆ ಗೊತ್ತಾ? ಮೂರು ದಿನ. ಇನ್ನು ಮ್ಯಾಲೆ ಏನ್ ಮಾಡೋಕೆ ಹೋದ್ರೂ ಅದನ್ನ ಮೊದ್ಲು ನೆನೆಸ್ಕ" ಎಂದರು. ಅಂದಿನಿಂದ ಒಲೆಯ ಮುಂದೆ ಉದ್ದ ಪ್ಯಾಂಟು, ಮೇಲೊಂದು ರಬ್ಬರು ಹೊದಿಕೆ ಇಲ್ಲದೆ ನಾನು ನಿಲ್ಲಲಿಲ್ಲ. ಮುದ್ದೆಯನ್ನು ಲಂಗರು ಹಾಕಿ ನಿಂತ ದಿನಕ್ಕೆ ಮೀಸಲಿಟ್ಟೆವು. ಬಂದರಿನಲ್ಲಿ ನಾವಿಬ್ಬರು ಮುದ್ದೆ ನುಂಗುವುದನ್ನು ನೋಡಲು ಪಕ್ಕದ ದೋಣಿಯ ಬಿಳಿಯರು ಬಂದು ನಿಲ್ಲುತ್ತಿದ್ದರು.

ನೀರಿನ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ತೊಟ್ಟಿಯಲ್ಲಿ ಮುನ್ನೂರು ಲೀಟರು. ಟ್ಯಾಂಕರು ಬರುವ ದಿನಕ್ಕೆ ಕಾದು ಬೆಳೆದವರಿಗೆ ಅದು ಕೆರೆ ಇದ್ದಂತೆ. ತಟ್ಟೆಯನ್ನು ಸಮುದ್ರದ ನೀರಿನಲ್ಲಿ ತೊಳೆದು ಒಂದು ಲೋಟ ಸಿಹಿ ನೀರಿನಲ್ಲಿ ಜಾಲಿಸಿದರೆ ಮುಗಿಯಿತು. ಅತಿಥಿಗಳು ಬಂದರೆ ಮಾತ್ರ ನಮ್ಮ ಎದೆ ಡವಗುಟ್ಟುತ್ತಿತ್ತು. ಒಬ್ಬ ಪುಣ್ಯಾತ್ಮ ಹಲ್ಲುಜ್ಜುತ್ತಾ ನಲ್ಲಿ ಬಿಟ್ಟುಕೊಂಡೇ ನಿಂತಿದ್ದ. ಸಾರ್ ಹೋಗಿ ಮೌನವಾಗಿ ನಲ್ಲಿ ತಿರುಗಿಸಿ ಬಂದರು. ಆತ ಮಾಲೀಕರಿಗೆ ದೂರು ಕೊಟ್ಟ. ಮಾಲೀಕರು ಫೋನಿನಲ್ಲಿ ಬೈದರು, ಸಾರ್ "ಆಗ್ಲಿ" ಎಂದರು, ಮಾರನೆಯ ದಿನ ಮತ್ತೆ ಹೋಗಿ ತಿರುಗಿಸಿದರು.

ಬದಲಾವಣೆಯ ಮಾತೂ ಒಂದಿಷ್ಟಿದೆ. ನಾನು ಸೇರಿದಾಗ ಕಾಗದದ ನಕಾಶೆ, ದಿಕ್ಸೂಚಿ, ಪೆನ್ಸಿಲು. ಗಂಟೆಗೊಮ್ಮೆ ನಾವು ಎಲ್ಲಿದ್ದೇವೆಂದು ಚುಕ್ಕೆ ಇಟ್ಟು, ಪಕ್ಕದ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಜಿಪಿಎಸ್ ಪರದೆ ಬಂತು. ದೋಣಿ ನಡೆದ ದಾರಿಯನ್ನು ಅದೇ ಗೆರೆ ಎಳೆದು ತೋರಿಸುತ್ತದೆ. ಚುಕ್ಕಾಣಿಯನ್ನು ತಾನೇ ಹಿಡಿಯುವ ಯಂತ್ರವೂ ಬಂತು. ಸಾರ್ ಎಲ್ಲವನ್ನೂ ಹಾಕಿಸಿಕೊಂಡರು. ಆದರೆ ಪುಸ್ತಕ ಬರೆಯುವುದನ್ನು ಬಿಡಲಿಲ್ಲ. ನಾನು ಒಮ್ಮೆ, "ಪರದೆ ಮ್ಯಾಲೆ ಎಲ್ಲಾ ಐತಲ್ಲ ಸಾರ್, ಬರೆಯೋದ್ಯಾಕೆ?" ಎಂದೆ. "ಎಚ್ರ ಇದ್ದೀನಿ ಅಂತ ಪರದೆ ಬರೆಯಲ್ಲ ಕಣಪ್ಪ" ಎಂದರು. ಆ ಮಾತಿನ ಬೆಲೆ ನನಗೆ ಆಮೇಲೆ ತಿಳಿಯಿತು.

ಹೊಸಬರಿಗೆ ಯಾರೂ ಹೇಳದ ಸಂಗತಿ ಒಂಟಿತನ. ಇಬ್ಬರಿದ್ದೀರಲ್ಲ, ಒಂಟಿತನ ಎಲ್ಲಿಯದು ಎಂದು ಕೇಳುತ್ತಾರೆ. ನಾಲ್ಕು ಗಂಟೆ ಒಬ್ಬನ ಪಾಳಿ, ನಾಲ್ಕು ಗಂಟೆ ಇನ್ನೊಬ್ಬನ ಪಾಳಿ. ಒಬ್ಬ ಎದ್ದಿದ್ದರೆ ಇನ್ನೊಬ್ಬ ಮಲಗಿರಲೇಬೇಕು. ಹತ್ತು ದಿನದ ಯಾನದಲ್ಲಿ ಇಬ್ಬರೂ ಎದುರು ಬದುರು ಕುಳಿತು ಉಂಡದ್ದನ್ನು ಬೆರಳಲ್ಲಿ ಎಣಿಸಬಹುದು. ಪಾಳಿ ಬದಲಾಗುವಾಗ, "ಗಾಳಿ ವಾಯವ್ಯಕ್ಕೆ ತಿರುಗೈತೆ, ಬಲಗಡೆ ಒಂದು ಮೀನಿನ ದೋಣಿ ಐತೆ, ನಿನ್ ಚಾ ಫ್ಲಾಸ್ಕ್‌ನಾಗೈತೆ" ಎಂದು ಹೇಳಿ ಒಳಗೆ ಹೋಗಿಬಿಡುತ್ತಾರೆ. ಆಮೇಲೆ ನಾಲ್ಕು ಗಂಟೆ ಮಾತಾಡಲು ಯಾರೂ ಇಲ್ಲ. ಮೊದಮೊದಲು ನಾನು ಹಾಡುತ್ತಿದ್ದೆ. ಕೆಲವು ವರ್ಷಗಳ ಮೇಲೆ ಹಾಡುವುದೂ ನಿಂತುಹೋಯಿತು.

ನನ್ನ ಹೆಂಡತಿ ಬಾಗೂರಿನಲ್ಲೇ ಇದ್ದಳು. ಅವಳು ಜ್ವರದಲ್ಲಿ ತೀರಿಕೊಂಡಾಗ ನಾನು ಅಂಡಮಾನಿನ ದಾರಿಯಲ್ಲಿದ್ದೆ. ದಡ ಸೇರಿ ಫೋನು ಹಚ್ಚಿದಾಗ ಸುದ್ದಿ ಸಿಕ್ಕಿತು. ಊರಿಗೆ ಬರುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಅವಳ ಸೀರೆಗಳನ್ನು ಯಾರೋ ಮಡಿಸಿ ಹಗ್ಗದ ಮೇಲೆ ಹಾಕಿದ್ದರು. ತುಂಬಾ ದುಃಖವಾಯಿತು. ಹದಿನೈದು ದಿನಕ್ಕೆ ದೋಣಿಗೆ ವಾಪಸು ಹೋದೆ, ಏಕೆಂದರೆ ಮನೆಯಲ್ಲಿ ಇರಲು ಆಗಲಿಲ್ಲ. ಇದನ್ನೂ ತಿಳಿದುಕೊಂಡು ಈ ಕೆಲಸಕ್ಕೆ ಬನ್ನಿ.

ಈಗ ದನಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಗೊಬ್ಬರಕ್ಕಾಗಿ ರೈತರ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ. ಮಂದೆಯ ಆ ಮೂಲೆಯಲ್ಲೊಬ್ಬ, ಈ ಮೂಲೆಯಲ್ಲೊಬ್ಬ ಕಂಬಳಿ ಹೊದ್ದು ಕಾಯುತ್ತಾರೆ. ಆಗಾಗ ಒಬ್ಬ "ಹೋ" ಎನ್ನಬೇಕು, ಇನ್ನೊಬ್ಬ "ಹೋ" ಎನ್ನಬೇಕು. ತೋಳಕ್ಕೆ ಹೆದರಿಕೆ, ನಮಗೆ ಧೈರ್ಯ. ಅಪ್ಪ ಇದಕ್ಕೆ ದನಿ ಕೊಡುವುದು ಎನ್ನುತ್ತಿದ್ದ. ನಿದ್ದೆಯಲ್ಲೂ ಬಾಯಿ ತಾನಾಗಿ "ಹೋ" ಎನ್ನುತ್ತದೆ. ಅಚ್ಚರಿಯೆಂದರೆ ಕೂಗಿಗೆ ಎಚ್ಚರವಾಗುವುದಿಲ್ಲ, ಕೂಗು ಬರದಿದ್ದರೆ ಎಚ್ಚರವಾಗುತ್ತದೆ.

ಇದನ್ನು ನಾನು ದೋಣಿಗೆ ತಂದೆ. ಪಾಳಿಯಲ್ಲಿ ಇರುವವನು ಅರ್ಧ ಗಂಟೆಗೊಮ್ಮೆ ಮೇಲಿನಿಂದ "ಹೋ" ಎನ್ನುವುದು, ಮಲಗಿದವನು ಒಳಗಿನಿಂದ "ಹೋ" ಎನ್ನುವುದು. ಸಾರ್ ಮೊದಲು ನಕ್ಕರು. "ನೌಕಾಪಡೇಲಿ ಇಷ್ಟು ವರ್ಷ ಇದ್ದೆ, ಕುರಿ ಕಾಯೋನು ಬಂದು ಪಾಠ ಹೇಳ್ಬೇಕಾಯ್ತು" ಎಂದರು. ಒಂದು ತಿಂಗಳು ಕಳೆಯುವುದರೊಳಗೆ ಅವರೇ ನನಗಿಂತ ಕಟ್ಟುನಿಟ್ಟಾದರು. ಹಗಲಾಗಲಿ, ರಾತ್ರಿಯಾಗಲಿ, ಒಬ್ಬ ಮಲಗಿದ್ದರೆ ದನಿ ತಪ್ಪುತ್ತಿರಲಿಲ್ಲ.

ಅವರಿಗೆ ಇನ್ನೊಂದು ನಿಯಮವಿತ್ತು. ಗಂಡಸರು ದೋಣಿಯ ಅಂಚಿನಲ್ಲಿ ನಿಂತು ಒಂದಕ್ಕೆ ಹೋಗಕೂಡದು, ಒಳಗಿನ ಪಾಯಖಾನೆಯಲ್ಲಿ ಕೂತೇ ಮಾಡಬೇಕು. ಬಯಲಿಗೆ ಹೋಗಿ ಅಭ್ಯಾಸವಾದ ನನಗೆ, ಅಡುಗೆ ಒಲೆಯಿಂದ ಎರಡು ಮಾರು ದೂರದ ಆ ಗೂಡಿಗೆ ಹೋಗಲು ಅಸಹ್ಯವಾಗುತ್ತಿತ್ತು. "ಗಂಡಸ್ತನ ದಡದಾಗೆ ಇಟ್ಟು ಬಾರಪ್ಪ. ಸಮುದ್ರಕ್ಕೆ ಬಿದ್ದೋರ್ನಾಗೆ ಬಾಳ ಜನ ಪ್ಯಾಂಟಿನ ಗುಂಡಿ ಬಿಚ್ಚಿದೋರೇ" ಎಂದು ಅವರು ಬೈದು ಬೈದು ನನ್ನನ್ನು ತಿದ್ದಿದರು.

ಹೀಗಿರುವಾಗ ನಮ್ಮಿಬ್ಬರಿಗೂ ಜಗಳವಾಯಿತು. ಗೋವಾದಿಂದ ಲಕ್ಷದ್ವೀಪದ ದಾರಿ. ಎಂಜಿನ್ನಿನ ಡೀಸೆಲ್ ಪೈಪು ಸೀಳಿ, ದೋಣಿಯ ತಳದಲ್ಲಿ ಡೀಸೆಲ್ ತುಂಬಿತು. ನಾನು ಮೇಲೆ ಹಾಯಿ ಇಳಿಸುತ್ತಿದ್ದೆ. ಒಳಗೆ ಸಾರ್ ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಡೀಸೆಲ್ ಒರೆಸಿ, ಪೈಪು ಬದಲಿಸಿದರು. ಕೆಳಗಿಳಿದು ನೋಡುತ್ತೇನೆ, ಅವರ ಕೈಯಲ್ಲಿ ನನ್ನ ಕಂಬಳಿ. ಅಪ್ಪ ನಮ್ಮ ಕುರಿಯ ಉಣ್ಣೆಯಲ್ಲೇ ನೇಯಿಸಿ ಕೊಟ್ಟ ಕರಿ ಕಂಬಳಿ. ನಮ್ಮಲ್ಲಿ ಕಂಬಳಿಯನ್ನು ತುಳಿಯುವುದಿಲ್ಲ, ಅದನ್ನು ಹಾಸಿ ಮೇಲೆ ದೇವರನ್ನು ಕೂರಿಸುತ್ತೇವೆ. ಅದರಿಂದ ಅವರು ನೆಲ ಒರೆಸುತ್ತಿದ್ದರು.

"ಬೇರೆ ಬಟ್ಟೆ ಇರ್ಲಿಲ್ವಾ?" ಎಂದೆ.

"ಕಿಡಿ ಬಿದ್ದಿದ್ರೆ ನೀನೂ ಇರ್ತಿರ್ಲಿಲ್ಲ, ನಿನ್ ಕಂಬಳೀನೂ ಇರ್ತಿರ್ಲಿಲ್ಲ" ಎಂದರು. ಅವರ ಮಾತು ಸರಿಯೇ ಆಗಿತ್ತು. ಆದರೆ ಒಂದು ಸಲ "ತಪ್ಪಾಯ್ತು ಕಣಪ್ಪ" ಎಂದಿದ್ದರೆ ನನಗೆ ಸಾಕಿತ್ತು. ಅವರು ಅನ್ನಲಿಲ್ಲ. ನಾನು ಮಾತು ಬಿಟ್ಟೆ.

ಮಾತು ಬಿಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿದ್ದು ಹತ್ತು ವರ್ಷ ಮಾತು ಬಿಟ್ಟಿರುತ್ತಾರೆ. ಅಡ್ಡಿಯಿಲ್ಲ, ಸುತ್ತ ಊರಿರುತ್ತದೆ. ನಲವತ್ತು ಅಡಿ ದೋಣಿಯ ಮೇಲೆ ಮಾತು ಬಿಟ್ಟವರು ನಾವೇ ಇರಬೇಕು. ಪಾಳಿ ಬದಲಿಸುವಾಗ ಪುಸ್ತಕದಲ್ಲಿ ಬರೆದದ್ದನ್ನು ಬೆರಳಿಟ್ಟು ತೋರಿಸುವುದು, ತಟ್ಟೆಯನ್ನು ಸದ್ದಾಗುವಂತೆ ಇಡುವುದು. ಎರಡು ದಿನ ಹೀಗೆ ನಡೆಯಿತು. ದನಿ ಮಾತ್ರ ಕೊಡುತ್ತಿದ್ದೆವು, ಅದು ಮಾತಲ್ಲವಲ್ಲ. ಮೂರನೆಯ ದಿನ ಮಧ್ಯಾಹ್ನ ನನಗೆ ಅದೂ ಬೇಡವೆನಿಸಿತು.

ಸಾರ್ ಪಾಳಿ ಹನ್ನೆರಡರಿಂದ ನಾಲ್ಕು. ನಾನು ಒಳಗೆ ಮಲಗಿದ್ದೆ, ನಿದ್ದೆ ಬಂದಿರಲಿಲ್ಲ. ಎರಡೂವರೆಗೆ "ಹೋ" ಎಂದರು. ನಾನು ಸುಮ್ಮನಿದ್ದೆ. ಮೆಟ್ಟಿಲ ಬಳಿ ಬಂದು ಬಗ್ಗಿ ನೋಡಿದರು. ನಾನು ಬೇಕೆಂದೇ ಗೋಡೆಯ ಕಡೆ ಹೊರಳಿದೆ. ಬದುಕಿದ್ದಾನೆಂದು ಗೊತ್ತಾಗಲಿ, ಅಷ್ಟು ಸಾಕು ಎಂಬ ಸೊಕ್ಕು. ಮೂರು ಗಂಟೆಗೆ ಮತ್ತೆ "ಹೋ" ಎಂದರು, ಸ್ವಲ್ಪ ಮೆತ್ತಗೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೂರೂವರೆಗೆ ಕೂಗು ಬರಲಿಲ್ಲ.

ಇಷ್ಟು ವರ್ಷ ಕೂಗು ಬರದಿದ್ದರೆ ನಿದ್ದೆಯಿಂದ ಎದ್ದು ಕೂರುತ್ತಿದ್ದ ನಾನು, ಅಂದು ಎಚ್ಚರವಾಗಿದ್ದೂ ಏಳಲಿಲ್ಲ. ಅವರಿಗೂ ಹಟ ಬಂದಿದೆ, ನೋಡೋಣ ಯಾರು ಸೋಲುತ್ತಾರೆ ಎಂದುಕೊಂಡು ಮಲಗಿಯೇ ಇದ್ದೆ. ಆಮೇಲೆ ಮುಂದಿನ ಹಾಯಿ ಪಟಪಟ ಬಡಿಯತೊಡಗಿತು. ಸಾರ್ ಇದ್ದರೆ ಅದು ಎರಡನೆಯ ಸಲ ಬಡಿಯಲು ಬಿಡುವವರಲ್ಲ. ಎದ್ದು ಮೇಲೆ ಹೋದೆ. ಗಡಿಯಾರದಲ್ಲಿ ಮೂರು ನಲವತ್ತು. ಯಂತ್ರ ಹಿಡಿದ ಚುಕ್ಕಾಣಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಮುಂದೆ ನೋಡಿದೆ, ಹಿಂದೆ ನೋಡಿದೆ, ಪಾಯಖಾನೆಯ ಬಾಗಿಲು ತೆಗೆದೆ. ದೋಣಿಯ ಮೇಲೆ ನಾನೊಬ್ಬನೇ ಇದ್ದೆ.

ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದನ್ನು ಬರೆದು ತಿಳಿಸಲಾರೆ. ಸುತ್ತಲೂ ನೀಲಿ, ಬಿಸಿಲು, ಸಣ್ಣ ಅಲೆ. ಇಷ್ಟು ಒಳ್ಳೆಯ ದಿನ. ಮೊದಲು ಮನಸ್ಸಾದದ್ದು ದೋಣಿಯನ್ನು ಸುತ್ತು ಹೊಡೆಸಿ ಅಲ್ಲೇ ಹುಡುಕಲು. ಆಗ ಅಪ್ಪನ ಮಾತು ನೆನಪಾಯಿತು. ಸಂಜೆ ಎಣಿಸುವಾಗ ಒಂದು ಕುರಿ ಕಡಿಮೆಯಾದರೆ ನಾನು ಎಲ್ಲೆಂದರಲ್ಲಿ ಓಡುತ್ತಿದ್ದೆ. ಅಪ್ಪ ಹಿಡಿದು ನಿಲ್ಲಿಸಿ, "ಅದು ಎಲ್ಲಿಗೆ ಹೋಗೈತೋ ಅಂತ ಓಡಬ್ಯಾಡ, ನೀನು ಬಂದ ಹೆಜ್ಜೆ ಮ್ಯಾಲೆ ಹಿಂದಕ್ಕೆ ಹೋಗು" ಎನ್ನುತ್ತಿದ್ದ.

ಪುಸ್ತಕ ತೆರೆದೆ. ಮೂರು ಗಂಟೆಯ ಸಾಲು ಸಾರ್ ಕೈಬರಹದಲ್ಲಿತ್ತು. ಅಂದರೆ ಬಿದ್ದು ನಲವತ್ತು ನಿಮಿಷಕ್ಕಿಂತ ಹೆಚ್ಚಾಗಿಲ್ಲ. ದೋಣಿಯ ವೇಗ ಗಂಟೆಗೆ ನಾಲ್ಕು ಮೈಲಿ. ಮೂರು ಮೈಲಿಯ ಒಳಗೆ ಎಲ್ಲೋ ಇದ್ದಾರೆ. ಮೂರರ ಕೂಗು ನನ್ನ ಕಿವಿಗೂ ಬಿದ್ದಿತ್ತು, ಆದರೆ ಆಗ ದೋಣಿ ಎಲ್ಲಿತ್ತೆಂದು ಹೇಳಿದ್ದು ಆ ಒಂದು ಸಾಲು. ನೀರಿಗೆ ಬಿದ್ದವರು ಹಿಡಿದುಕೊಳ್ಳುವ ತೇಲುವ ಬಳೆ, ದಿಂಬು, ಖಾಲಿ ಕ್ಯಾನು ಎಲ್ಲವನ್ನೂ ನೀರಿಗೆ ಎಸೆದು ಗುರುತು ಮಾಡಿದೆ. ರೇಡಿಯೋದಲ್ಲಿ ಕೂಗಿದೆ, ಯಾರೂ ಉತ್ತರಿಸಲಿಲ್ಲ. ಹಾಯಿ ಇಳಿಸಿ, ಎಂಜಿನ್ನಿನ ಪಂಖಕ್ಕೆ ಸುತ್ತಿಕೊಳ್ಳುವಂಥ ಹಗ್ಗ ನೀರಿನಲ್ಲಿ ಇಳಿಬಿದ್ದಿಲ್ಲವೆಂದು ನೋಡಿಕೊಂಡು, ಎಂಜಿನ್ನು ಹಚ್ಚಿದೆ. ಕಂಬಳಿಯಿಂದ ಒರೆಸಿ ಸರಿಮಾಡಿದ ಎಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ಪರದೆಯಲ್ಲಿದ್ದ ಗೆರೆಯ ಮೇಲೆ ಗೆರೆ ಕೂರುವಂತೆ ದೋಣಿಯನ್ನು ಹಿಂದಕ್ಕೆ ತಿರುಗಿಸಿದೆ.

ಅಲೆಗಳ ನಡುವೆ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ಕಣ್ಣನ್ನು ನಂಬಿ ಪ್ರಯೋಜನವಿಲ್ಲ ಎನಿಸಿತು. ಸ್ವಲ್ಪ ದೂರ ಹೋಗುವುದು, ಎಂಜಿನ್ನು ನಿಲ್ಲಿಸುವುದು, "ಹೋ" ಎಂದು ಕೂಗುವುದು, ಉಸಿರು ಹಿಡಿದು ಕೇಳುವುದು. ಮೊದಲ ಸಲ ಏನೂ ಇಲ್ಲ. ಎರಡನೆಯ ಸಲ ನೀರಿನ ಸದ್ದು ಮಾತ್ರ. ಅಷ್ಟರಲ್ಲಿ ನಾನು ಅಳುತ್ತಿದ್ದೆ. ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದೆ. ಎಡಗಡೆಯಿಂದ, ಮುದುಕ ಕೆಮ್ಮಿದಷ್ಟು ಸಣ್ಣಗೆ, "ಹೋ" ಎಂದು ಬಂತು. ಆಮೇಲೆ ಒಂದು ಕೈ ಕಂಡಿತು.

ಕಂಡ ಮೇಲೆ ಮುಗಿಯಿತೆಂದುಕೊಳ್ಳಬೇಡಿ. ಸುಸ್ತಾದ ದೊಡ್ಡ ಮನುಷ್ಯನನ್ನು ನೀರಿನಿಂದ ಎತ್ತುವುದು ಹುಡುಕುವುದಕ್ಕಿಂತ ಕಷ್ಟ. ನಾವು ತೆಂಗಿನಕಾಯಿ ಮೂಟೆ ಎಸೆದು ಅಭ್ಯಾಸ ಮಾಡಿದ್ದೆವು. ಮೂಟೆ ನಿಮ್ಮ ಕೊರಳು ಹಿಡಿದುಕೊಳ್ಳುವುದಿಲ್ಲ. ಎಂಜಿನ್ನು ನಿಲ್ಲಿಸಿ, ಹಾಯಿ ಏರಿಸುವ ಹಗ್ಗಕ್ಕೆ ಕುಣಿಕೆ ಹಾಕಿ ಅವರ ಕಂಕುಳಡಿಗೆ ತೂರಿಸಿ, ರಾಟೆ ತಿರುಗಿಸಿ ತಿರುಗಿಸಿ ಮೇಲೆಳೆದೆ. ಮೊಣಕೈ, ಎದೆ ಎಲ್ಲ ತರಚಿಹೋಗಿತ್ತು. ಪ್ಯಾಂಟಿನ ಗುಂಡಿ ಬಿಚ್ಚಿತ್ತು. ಅದನ್ನು ನಾನೂ ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು.

ನಡುಗುತ್ತಿದ್ದರು. ಡೀಸೆಲ್ ನಾತದ ಆ ಕಂಬಳಿಯನ್ನೇ ಹೊದಿಸಿದೆ. ಅದನ್ನು ಕೊರಳವರೆಗೆ ಎಳೆದುಕೊಂಡು ಕೇಳಿದರು.

"ಮಾತಾಡ್ತೀಯೋ ಇಲ್ವೋ?"

"ಮಾತಾಡ್ತೀನಿ ಸಾರ್."

"ಪಾಯಖಾನೆಗೆ ಹೋಗೋಕೆ ಒಳಗೆ ಇಳೀಬೇಕಿತ್ತು. ನಿನ್ ಮಕ ನೋಡೋಕೆ ಇಷ್ಟ ಇರ್ಲಿಲ್ಲ, ಅಂಚಿಗೆ ಹೋದೆ. ಮೂರು ಇಪ್ಪತ್ತೈದು ಆಗಿತ್ತು. ಇನ್ನೈದು ನಿಮಿಷಕ್ಕೆ ಕೂಗಿಲ್ಲ ಅಂತ ಬೀರ ಬರ್ತಾನೆ ಅಂದ್ಕಂಡೆ." ಹಿಂದಿನ ನೀರಿನ ಕಡೆ ನೋಡಿ ಹೇಳಿದರು: "ದೋಣಿ ಹೋಗ್ತಾನೇ ಇತ್ತು ಕಣಪ್ಪ. ಬೆನ್ನು ಕಾಣ್ತಿತ್ತು. ಯಾರೂ ತಿರುಗಿ ನೋಡ್ಲಿಲ್ಲ."

ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಮೂರೂವರೆಯಿಂದ ಮೂರು ನಲವತ್ತರವರೆಗೆ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆನೆಂದು ಅವರ ಕಾಲು ಹಿಡಿದು ಹೇಳಿದೆ. "ಕಂಬಳೀದು ತಪ್ಪಾಯ್ತು" ಎಂದು ಅವರೂ ಹೇಳಿದರು. ಮತ್ತೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಪುಸ್ತಕದಲ್ಲಿ ಮಾತ್ರ ಅವರು ಅಂದಿನದನ್ನೆಲ್ಲ ಬರೆದರು, ಗುಂಡಿಯನ್ನೂ ಬಿಡದೆ.

ಮಾಲೀಕರು ದೋಣಿ ಮಾರಿದಾಗ ನಮಗಿಬ್ಬರಿಗೂ ಒಂದೇ ದಿನ ನಿವೃತ್ತಿಯಾಯಿತು. ಹುಬ್ಬಳ್ಳಿ ಮೇಲೆ ಚಿತ್ರದುರ್ಗಕ್ಕೆ ಒಟ್ಟಿಗೆ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಅವರು ಹೊಳಲ್ಕೆರೆ ಬಸ್ಸಿಗೆ, ನಾನು ಹೊಸದುರ್ಗದ ಬಸ್ಸಿಗೆ. ಹತ್ತುವಾಗ, "ಸಾಯಂಕಾಲ ಏಳಕ್ಕೆ ದನಿ ಕೊಡ್ತೀನಿ" ಎಂದರು. ತಮಾಷೆ ಎಂದುಕೊಂಡೆ. ಏಳಕ್ಕೆ ಸರಿಯಾಗಿ ಫೋನು ಬಂತು. "ಹೋ." ನಾನು "ಹೋ" ಎಂದೆ. ಇಟ್ಟುಬಿಟ್ಟರು.

ಹೀಗೆ ಐದು ವರ್ಷ ನಡೆಯಿತು. ಹೇಗಿದ್ದೀರಿ, ಊಟ ಆಯಿತಾ, ಏನೂ ಇಲ್ಲ. ಒಂದು "ಹೋ" ಅಷ್ಟೇ. ಅದು ಬಂದ ಮೇಲೆ ನಾನು ಒಲೆ ಹಚ್ಚುತ್ತಿದ್ದೆ. ದಿನದಲ್ಲಿ ನನ್ನ ಹೆಸರಿಗೆ ಬರುತ್ತಿದ್ದ ಫೋನು ಅದೊಂದೇ. ಪಕ್ಕದ ಮನೆಯ ಗಿರಿಜಮ್ಮ, "ಏನಣ್ಣ, ಫೋನ್‌ನಾಗೆ ದನ ಕರೆದಂಗೆ ಕರೀತೀಯ?" ಎಂದು ನಗುತ್ತಿದ್ದಳು.

ಈ ವರ್ಷದ ಬೇಸಿಗೆಯಿಂದ ಹೊತ್ತು ತಪ್ಪತೊಡಗಿತು. ಒಂದು ದಿನ ಎರಡು ಸಲ ಮಾಡಿದರು. ಒಂದು ದಿನ ಬೆಳಿಗ್ಗೆ ಏಳಕ್ಕೆ ಮಾಡಿದರು. ಮುದುಕರಿಗೆ ಮರೆವು, ಇರಲಿ ಎಂದುಕೊಂಡೆ. ಹೋದ ತಿಂಗಳು ಒಂದು ಸಂಜೆ ಅವರ ಫೋನು ಬಂದು ನಾನು "ಹೋ" ಎಂದಾಗ ಅತ್ತಲಿಂದ, "ಯಾರು ಮಾತಾಡೋದು? ಯಾಕೆ ಕೂಗ್ತೀಯ?" ಎಂದು ಗದರಿ ಇಟ್ಟರು. ನನಗೆ ಬಹಳ ನೋವಾಯಿತು. ಇಪ್ಪತ್ತಾರು ವರ್ಷ ಜೊತೆಗಿದ್ದವನನ್ನು ಯಾರು ಎಂದು ಕೇಳುವುದೇ? ಮಾರನೆಯ ದಿನ ಫೋನು ಬರಲಿಲ್ಲ. ಬೇಕಾದರೆ ಅವರೇ ಮಾಡಲಿ ಎಂದು ಕುಳಿತೆ. ಅದರ ಮಾರನೆಯ ದಿನವೂ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಮೂರನೆಯ ಬೆಳಿಗ್ಗೆ ಎದ್ದು ಕಂಬಳಿ ಮಡಿಸುವಾಗ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಎಷ್ಟು ಒಗೆದರೂ ಅದು ಹೋಗಿಲ್ಲ. ನಾನು ಏನು ಮಾಡುತ್ತಿದ್ದೇನೆಂದು ಆಗ ಹೊಳೆಯಿತು. ಒಲೆಯನ್ನೂ ಹಚ್ಚದೆ ಮೊದಲ ಬಸ್ಸಿಗೆ ಹೊಸದುರ್ಗಕ್ಕೆ, ಅಲ್ಲಿಂದ ಹೊಳಲ್ಕೆರೆಗೆ ಹೋದೆ.

ಅವರು ತಂಗಿ ನೀಲಮ್ಮನ ಮನೆಯಲ್ಲಿದ್ದಾರೆ. ನೀಲಮ್ಮ ಬಾಗಿಲು ತೆಗೆದು, "ಬರ್ರಿ, ಕುಂತ್ಕಳ್ರಿ" ಎಂದರು. "ಅಣ್ಣಂಗೆ ಈಗ ಯಾರ ಗುರುತೂ ಹತ್ತಲ್ಲ. ನನ್ನೇ ಒಮ್ಮೊಮ್ಮೆ ಅಮ್ಮ ಅಂತಾರೆ. ಫೋನ್ ಎಲ್ಲಿಟ್ರೋ ಸಿಕ್ಕಿಲ್ಲ. ಸಾಯಂಕಾಲ ಆದ್ರೆ ಮಾತ್ರ ಏನೋ ಕಳ್ಕಂಡೋರಂಗೆ ಮನೆಯೆಲ್ಲಾ ಹುಡುಕ್ತಾರೆ."

ಸಾರ್ ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತಿದ್ದರು. ಇಳಿದುಹೋಗಿದ್ದರು. ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

"ಯಾವೂರಪ್ಪ ನಿಂದು?"

"ಬಾಗೂರು ಸಾರ್."

"ದೂರ ಆಯ್ತು" ಎಂದರು. ಸ್ವಲ್ಪ ಹೊತ್ತಿಗೆ ಗೋಡೆಯ ಕಡೆ ಹೊರಳಿ ಮಲಗಿದರು. ನೀಲಮ್ಮ ಟೀ ಮಾಡಲು ಒಳಗೆ ಹೋದರು. ಬೀದಿಯಲ್ಲಿ ಅಡಿಕೆ ಚೀಲದ ಗಾಡಿಯೊಂದು ಹೋಯಿತು. ಅವರ ಉಸಿರು ಒಂದೇ ಸಮನಾಗುವವರೆಗೆ ಕಾದೆ. ನಿದ್ದೆ ಹತ್ತಿದೆಯೆಂದು ಖಾತ್ರಿಯಾದ ಮೇಲೆ, ಪಾಳಿಯಲ್ಲಿ ಕೂಗುತ್ತಿದ್ದ ಹಾಗೆಯೇ, ಮೆಲ್ಲಗೆ "ಹೋ" ಎಂದೆ.

ಕಣ್ಣು ತೆರೆಯಲಿಲ್ಲ, ಮಗ್ಗುಲು ಬದಲಿಸಲಿಲ್ಲ.

"ಹೋ" ಎಂದರು.

ಗೋಡೆಯ ಗಡಿಯಾರ ನೋಡಿದೆ. ಹನ್ನೊಂದೂವರೆ. ಹನ್ನೆರಡಕ್ಕೆ ಮತ್ತೆ ಕೂಗಬೇಕು ಎಂದು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕುಳಿತೆ.